ಕಾಲುವೆಯ ದಂಡೆಯ ದಾರಿ



ಬೈಸಿಕಲ್ಲನ್ನೇರಿ ಹೊರಡುವುದೆಂದರೆ ಪಟ್ಟಣವಾಸಿಗಳಾದ ನಮಗೆ ಈಗ ಸುಖದ ಮಾತಾಗಿ ಉಳಿದಿಲ್ಲ. ಹಿಂದಿನಿಂದ ಲಾರಿಯ ಕೂಗು, ಎದುರಿನಿಂದ ಬಸ್ಸಿನ ದೀಪ, ಪಕ್ಕದಲ್ಲಿ ಮೋಟಾರು ಸೈಕಲ್ಲುಗಳ ಸಾಲು. ಇವುಗಳ ನಡುವೆ ಸವಾರನ ಗಮನವೆಲ್ಲ ಜೀವ ಉಳಿಸಿಕೊಳ್ಳುವುದರಲ್ಲಿಯೇ ವೆಚ್ಚವಾಗಿ, ಸುತ್ತಲಿನ ನಾಡನ್ನು ನೋಡುವ ಕಣ್ಣು ಅವನಿಗೆ ಉಳಿಯುವುದಿಲ್ಲ. ಆದುದರಿಂದ ಈಚಿನ ವರ್ಷಗಳಲ್ಲಿ, ಹೊರದೇಶಗಳಲ್ಲಿಯೂ ನಮ್ಮಲ್ಲಿಯೂ, ಡಾಂಬರನ್ನು ಬಿಟ್ಟು ಗರಸಿನ ದಾರಿಗಳನ್ನು ಹುಡುಕಿಕೊಂಡು ಹೋಗುವ ಸವಾರರು ಹೆಚ್ಚುತ್ತಿದ್ದಾರೆ. ಹೊಳೆಯ ಬಯಲು, ಕಾಡಿನ ಅಂಚು, ಮೋಟಾರು ಗಾಡಿಗಳು ಮನಸ್ಸು ಮಾಡದ ಎಡೆಗಳು ಅವರಿಗೆ ಇಷ್ಟ. ಈ ಹೊತ್ತು ನಾವು ಹೇಳಹೊರಟಿರುವುದು ಅಂಥ ಒಂದು ದಾರಿಯ ವಿಷಯ. ಅದನ್ನು ಸವಾರರಿಗೆಂದು ಯಾರೂ ಕಟ್ಟಲಿಲ್ಲ. ಅದು ನೀರಿಗಾಗಿ ಕಟ್ಟಿದ ದಾರಿ. ನಾವು ಅಲ್ಲಿ ಕರೆಯದೆ ಬಂದ ನೆಂಟರು.

ಕೃಷ್ಣೆ ತುಂಗಭದ್ರೆಗಳ ನಡುವಣ ನಾಡನ್ನು ನಮ್ಮ ಹಳೆಯ ಶಾಸನಗಳು ಎಡೆದೊರೆನಾಡು ಎಂದು ಕರೆಯುತ್ತವೆ. ಎರಡು ತೊರೆಗಳ ಎಡೆಯಲ್ಲಿರುವ ನಾಡು. ವಿಜಯನಗರದವರೂ ಬಹಮನಿಯವರೂ, ಅವರ ತರುವಾಯ ಬಿಜಾಪುರದವರೂ ಈ ನೆಲಕ್ಕಾಗಿ ಸುಮಾರು ಇನ್ನೂರು ವರ್ಷ ಕಾದಾಡಿದರು. 1520ರಲ್ಲಿ ಕೃಷ್ಣದೇವರಾಯನು ರಾಯಚೂರನ್ನು ಗೆದ್ದುದು ಆ ಉದ್ದನೆಯ ವ್ಯಾಜ್ಯದ ಒಂದು ಅಧ್ಯಾಯ ಮಾತ್ರ. ಇಂದಿನ ಲಿಂಗಸುಗೂರು, ಮಸ್ಕಿ, ಸಿಂಧನೂರು ಸೀಮೆಗಳು ಈ ನಾಡಿನೊಳಗೆ ಬರುತ್ತವೆ. ಲಿಂಗಸುಗೂರು ಕೃಷ್ಣೆಯನ್ನು ಮುಟ್ಟುತ್ತದೆ, ಸಿಂಧನೂರು ತುಂಗಭದ್ರೆಯನ್ನು. ಮುಕ್ಕುಂದ ಎಂಬುದು ಸಿಂಧನೂರು ಸೀಮೆಯಲ್ಲಿ ತುಂಗಭದ್ರೆಯ ದಡದ ಊರು. ಹೊಳೆಯ ಆಚೆಗೆ ಬಳ್ಳಾರಿ ಜಿಲ್ಲೆ. ನಾವು ಮೂವರು ಸ್ನೇಹಿತರು ಕಳೆದ ಚಳಿಗಾಲದಲ್ಲಿ ಸಿಂಧನೂರಿನಲ್ಲಿ ಇಳಿದು, ಕಾಲುವೆಯ ದಂಡೆಗಳನ್ನು ಹಿಡಿದು ಮುಕ್ಕುಂದದವರೆಗೆ ಹೋಗಿ ಬಂದೆವು.

ಕಾಡು ಎಂದೊಡನೆ ಮಲೆನಾಡನ್ನು ನೆನೆಯುವವರಿಗೆ ಮೊದಲೇ ಒಂದು ಎಚ್ಚರಿಕೆ ಹೇಳಬೇಕು. ರಾಯಚೂರು ಜಿಲ್ಲೆಯಲ್ಲಿ ಅರಣ್ಯ ಬಹು ಸ್ವಲ್ಪ. ಇಲ್ಲಿ ಕಾಡಿನ ಸ್ಥಾನವನ್ನು ಆಕ್ರಮಿಸಿರುವುದು ಬಳ್ಳಾರಿ ಜಾಲಿ. ಅದು ಅಮೆರಿಕ ಖಂಡದಿಂದ ಹತ್ತೊಂಬತ್ತನೆಯ ಶತಮಾನದಲ್ಲಿ ನಮ್ಮ ದೇಶಕ್ಕೆ ಬಂದ ಗಿಡ. ಬಂಜರು ನೆಲವನ್ನು ಹಸಿರು ಮಾಡಲೆಂದೂ ಸೌದೆಗೆಂದೂ ತಂದರು. ಈಗ ಅದು ಹಳ್ಳದ ಅಂಚು, ಕೆರೆಯ ಅಂಗಳ, ಹೊಳೆಯ ದಡ ಎಲ್ಲವನ್ನೂ ತನ್ನದೆಂದುಕೊಂಡಿದೆ. ಹೆಸರಿನಲ್ಲಿ ಬಳ್ಳಾರಿ ಇದ್ದರೂ ಬಳ್ಳಾರಿಯವರು ಅದಕ್ಕೆ ಹೊಣೆಯಲ್ಲ. ಅದರ ಮುಳ್ಳಿನ ಪರಿಚಯ ನಮಗೆ ಹೇಗಾಯಿತೆಂಬುದನ್ನು ಮುಂದೆ ಹೇಳುತ್ತೇವೆ.

ಈಗ ಕಾಲುವೆಯ ವಿಚಾರ. ತುಂಗಭದ್ರಾ ಅಣೆಕಟ್ಟಿಗೆ 1945ರ ಫೆಬ್ರವರಿಯಲ್ಲಿ ಹೊಳೆಯ ಎರಡೂ ಕಡೆ ಅಸ್ತಿಭಾರ ಹಾಕಿದರು. ಎರಡು ಕಡೆ ಏಕೆಂದರೆ ಆಗ ಬಲದಡ ಮದರಾಸು ಪ್ರಾಂತಕ್ಕೆ ಸೇರಿತ್ತು, ಎಡದಡ ಹೈದರಾಬಾದು ಸಂಸ್ಥಾನಕ್ಕೆ. ಅಣೆಕಟ್ಟು ಮುಗಿಯುವ ವೇಳೆಗೆ ಸಂಸ್ಥಾನವೂ ಇರಲಿಲ್ಲ, ಆ ಹಳೆಯ ಪ್ರಾಂತದ ಆಡಳಿತವೂ ಇರಲಿಲ್ಲ; ನೀರು ಮಾತ್ರ 1953ರಲ್ಲಿ ಕಾಲುವೆಗೆ ಇಳಿಯಿತು. ಎಡದಂಡೆಯ ಮುಖ್ಯ ಕಾಲುವೆ ಮುನಿರಾಬಾದಿನ ಬಳಿ ಹುಟ್ಟಿ, ಈಗಿನ ಕೊಪ್ಪಳ ಮತ್ತು ರಾಯಚೂರು ಜಿಲ್ಲೆಗಳಲ್ಲಿ ಸುಮಾರು 226 ಕಿಲೋಮೀಟರು ಹರಿಯುತ್ತದೆ. ಅದರಿಂದ ಕವಲೊಡೆದ ಉಪಕಾಲುವೆಗಳು ಹಲವಾರು. ಒಂದೊಂದಕ್ಕೂ ಅಂಕೆಯ ಹೆಸರು. ಇಂಥ ನಂಬರಿನ ಉಪಕಾಲುವೆಯ ಕೆಳಗೆ ನಮ್ಮ ಹೊಲ ಎಂದು ರೈತರು ಹೇಳುವಾಗ, ನಗರದವರು ತಮ್ಮ ಬಡಾವಣೆಯ ಅಡ್ಡರಸ್ತೆಯ ನಂಬರನ್ನು ಹೇಳಿದಷ್ಟೇ ಸಹಜವಾಗಿರುತ್ತದೆ.

ಹೊಳೆ ತಗ್ಗನ್ನು ಹುಡುಕಿಕೊಂಡು ಹೋಗುತ್ತದೆ. ಕಾಲುವೆ ಹಾಗಲ್ಲ, ತನ್ನ ಎತ್ತರವನ್ನು ಜಿಪುಣನಂತೆ ಕಾಪಾಡಿಕೊಂಡು, ನೆಲದ ಏರಿಳಿತವನ್ನು ಬಳಸಿ ಬಳಸಿ ನಡೆಯುತ್ತದೆ. ಎತ್ತರ ಉಳಿದಷ್ಟೂ ಅದರ ಕೆಳಗಿನ ಹೊಲಗಳು ಹೆಚ್ಚುತ್ತವೆ. ಇಂಜಿನಿಯರನು ನೀರಿಗಾಗಿ ಮಾಡಿದ ಈ ಲೆಕ್ಕ ಬೈಸಿಕಲ್ ಸವಾರನಿಗೆ ದೊರೆತ ಬಹುಮಾನವಾಗಿದೆ. ದಂಡೆಯ ಮೇಲಿನ ದಾರಿಗೆ ನೀರಿನಷ್ಟೇ ಇಳಿಜಾರು. ಅದು ಕಾಲಿಗೆ ಗೊತ್ತೇ ಆಗುವುದಿಲ್ಲ. ಮುಖ್ಯ ಕಾಲುವೆಯ ಜೊತೆಯಲ್ಲಿ ಹೋಗುವಾಗ ಎಡಕ್ಕೆ ಒಣ ಸೀಮೆ, ಬಲಕ್ಕೆ ಗದ್ದೆಯ ಸೀಮೆ. ಎಡಗಡೆ ಜೋಳ, ಕಡಲೆ, ಕಲ್ಲುಗುಡ್ಡ, ಕುರಿಯ ಹಿಂಡು; ಬಲಗಡೆ ಕಣ್ಣಳತೆಗೂ ಭತ್ತ. ನಡುವೆ ಹತ್ತಡಿಯ ಗರಸಿನ ದಾರಿಯೂ ಅದರ ಪಕ್ಕದ ನೀರೂ. ಇಷ್ಟು ತೆಳ್ಳನೆಯ ಗೆರೆಯೊಂದು ಎರಡು ಬಗೆಯ ಬದುಕನ್ನು ಬೇರ್ಪಡಿಸಿರುವುದನ್ನು ಮೋಟಾರಿನಲ್ಲಿ ಕುಳಿತು ಕಾಣುವುದು ಕಷ್ಟ. ಬೈಸಿಕಲ್ಲಿನ ಮೇಲೆ ಅದು ಮೂಗಿಗೂ ತಿಳಿಯುತ್ತದೆ. ಒಂದು ಹೊಳ್ಳೆಗೆ ಒಣಮಣ್ಣು, ಇನ್ನೊಂದಕ್ಕೆ ಹಸಿ ಕೆಸರು.

ಗದ್ದೆಯ ಸೀಮೆಯ ಹಳ್ಳಿಗಳಲ್ಲಿ ಎಷ್ಟೋ ಊರುಗಳ ಹೆಸರು ಕ್ಯಾಂಪು ಎಂದು ಮುಗಿಯುತ್ತದೆ. ನೀರು ಬಂದ ಮೇಲೆ ಆಂಧ್ರದ ಡೆಲ್ಟಾ ಸೀಮೆಯಿಂದ ಭತ್ತದ ಬೇಸಾಯ ಬಲ್ಲ ರೈತರು ಬಂದು ನೆಲ ಕೊಂಡು ಗುಡಿಸಲು ಹಾಕಿದರು. ಗುಡಿಸಲು ಮನೆಯಾಯಿತು, ಕ್ಯಾಂಪು ಎಂಬ ಹೆಸರು ಹಾಗೆಯೇ ನಿಂತಿತು. ಪೂರ್ವ ಬಂಗಾಳದಿಂದ ಬಂದ ನಿರಾಶ್ರಿತರಿಗೆ ಸರ್ಕಾರ ನೆಲೆ ಕೊಟ್ಟ ಕ್ಯಾಂಪುಗಳೂ ಸಿಂಧನೂರಿನ ಬಳಿ ಇವೆ. ಒಂದು ಬೆಳಗಿನ ಹಾದಿಯಲ್ಲಿ ಕನ್ನಡ, ತೆಲುಗು, ಉರ್ದು, ಲಂಬಾಣಿ, ಬಂಗಾಳಿ ಈ ಐದು ಮಾತುಗಳು ನಮ್ಮ ಕಿವಿಗೆ ಬಿದ್ದವು. ಚಹ ಮಾತ್ರ ಎಲ್ಲ ಕಡೆಯೂ ಒಂದೇ ರುಚಿ, ಸಕ್ಕರೆ ಅತಿ.

ಬೈಸಿಕಲ್ಲಿನ ವಿಷಯಕ್ಕೆ ಬರೋಣ. ನಮ್ಮಲ್ಲಿ ಇಬ್ಬರ ಬಳಿ ಗರಸಿನ ದಾರಿಗೆಂದೇ ಮಾಡಿದ ಹೊಸ ಮಾದರಿಯ ಗಾಡಿಗಳಿದ್ದವು. ಅವುಗಳ ಬೆಲೆಯನ್ನು ಹೇಳಿ ಮನೆಯವರನ್ನು ಎಚ್ಚರಿಸುವ ಇಚ್ಛೆ ನಮಗಿಲ್ಲ. ಮೂರನೆಯವರು ತಮ್ಮ ಗಾಡಿ ಕೆಟ್ಟುದರಿಂದ ಸಿಂಧನೂರಿನಲ್ಲಿ ಒಬ್ಬ ಪರಿಚಿತರ ಹಳೆಯ ಕಪ್ಪು ಬೈಸಿಕಲ್ಲನ್ನು ಎರವಲು ತಂದರು. ಹಾಲಿನ ಕ್ಯಾನು ಹೊರುವ ಜಾತಿಯದು. ಹಿಂದೆ ಕಬ್ಬಿಣದ ಕ್ಯಾರಿಯರು, ಸರಳಿನ ಬ್ರೇಕು, ಗಂಟೆಗೆ ಬಾಯಿಲ್ಲ. ನಾವಿಬ್ಬರು ಒಳಗೊಳಗೇ ನಕ್ಕೆವು. ಆದರೆ ಮಧ್ಯಾಹ್ನದ ಹೊತ್ತಿಗೆ ನಗುವ ಸರದಿ ಅವರದಾಯಿತು.

ಕಾರಣವನ್ನು ವಿಚಾರಿಸಿ ನೋಡಿದರೆ ಅದರಲ್ಲಿ ಆಶ್ಚರ್ಯವಿಲ್ಲ. ಗರಸಿನ ಮೇಲೆ ಓಡುವ ಗಾಲಿಗೆ ಬೇಕಾದುದು ಅಗಲವಾದ ಟೈರು ಮತ್ತು ಮಿತವಾದ ಗಾಳಿ. ಬೆಲ್‌ಫಾಸ್ಟಿನ ಪಶುವೈದ್ಯ ಡನ್ಲಪ್ಪನು 1888ರಲ್ಲಿ ಗಾಳಿ ತುಂಬಿದ ಟೈರಿಗೆ ಹಕ್ಕುಪತ್ರ ಪಡೆದುದು ತನ್ನ ಮಗನ ಮೂರು ಗಾಲಿಯ ಗಾಡಿ ಕುಲುಕದಿರಲೆಂದು ಮಾಡಿದ ಪ್ರಯೋಗದಿಂದ. ಅದರ ಗುಟ್ಟು ಇಷ್ಟೇ: ಕಲ್ಲಿನ ಮೇಲೆ ಗಾಲಿ ಹತ್ತಿದಾಗ ಇಡೀ ಗಾಡಿಯನ್ನೂ ಸವಾರನನ್ನೂ ಮೇಲಕ್ಕೆತ್ತುವುದಕ್ಕೆ ಬದಲಾಗಿ, ಟೈರು ತಾನೇ ಒಂದಿಷ್ಟು ಒಳಕ್ಕೆ ತಗ್ಗಿ ಕಲ್ಲನ್ನು ನುಂಗಿಕೊಳ್ಳುತ್ತದೆ. ಗಾಳಿಯನ್ನು ಕಲ್ಲಿನಂತೆ ಬಿಗಿಯಾಗಿ ತುಂಬಿದರೆ ಈ ಉಪಕಾರ ತಪ್ಪುತ್ತದೆ. ತೀರ ಕಡಿಮೆ ಮಾಡಿದರೆ ಟ್ಯೂಬು ರಿಮ್ಮಿಗೂ ಕಲ್ಲಿಗೂ ನಡುವೆ ಸಿಕ್ಕಿ ಹರಿಯುತ್ತದೆ. ಹೊಸ ಗಾಡಿಗಳನ್ನು ಮಾರುವವರು ನಾಲ್ವತ್ತು ಮಿಲಿಮೀಟರು ಅಗಲದ ಟೈರನ್ನು ಈ ಕಾಲದ ಒಂದು ವಿಶೇಷವೆಂಬಂತೆ ಹೇಳುತ್ತಾರೆ. ನಮ್ಮ ದೇಶದ ಹಾಲಿನವನ ಕಪ್ಪು ಬೈಸಿಕಲ್ಲಿನ ಟೈರು ಇಪ್ಪತ್ತೆಂಟು ಅಂಗುಲದ ಗಾಲಿಗೆ ಒಂದೂವರೆ ಅಂಗುಲದ್ದು. ಲೆಕ್ಕ ಹಾಕಿದರೆ ಅದೇ ನಾಲ್ವತ್ತರ ಹತ್ತಿರ ಬರುತ್ತದೆ. ಹಳ್ಳಿಯ ದಾರಿಗೆ ಎಂಥ ಗಾಡಿ ಬೇಕೆಂಬ ಪ್ರಶ್ನೆಗೆ ಹಳ್ಳಿಯ ದಾರಿ ಬಹು ಹಿಂದೆಯೇ ಉತ್ತರ ಕೊಟ್ಟಿತ್ತು. ಪಟ್ಟಣದವರಿಗೆ ಅದು ಕೇಳಿಸಿರಲಿಲ್ಲ. ಭಾರ ಹೆಚ್ಚು ಎಂಬ ದೋಷ ಅದಕ್ಕೆ ಉಂಟು. ಆದರೆ ಏರೇ ಇಲ್ಲದ ಕಾಲುವೆಯ ದಂಡೆಯಲ್ಲಿ ಭಾರವನ್ನು ಕೇಳುವವರು ಯಾರು?

ಗರಸು ಎಂದು ಒಂದೇ ಹೆಸರಿನಿಂದ ಕರೆದರೂ ಕಾಲಡಿಯ ನೆಲ ಗಳಿಗೆಗೊಮ್ಮೆ ಬದಲಾಗುತ್ತದೆ. ಕೆಂಪು ಗರಸನ್ನು ನೀರು ಹೊಡೆದು ಉರುಳೆಯಿಂದ ಒತ್ತಿದ ಕಡೆ ಅದು ಸಿಮೆಂಟಿನ ನೆಲದಂತೆ ಗಟ್ಟಿ. ಗಾಲಿಯ ಸದ್ದು ಕೂಡ ಸಣ್ಣಗೆ, ಹುರಿಗಡಲೆ ಅಗಿದಂತೆ. ಟ್ರ್ಯಾಕ್ಟರುಗಳು ತುಳಿದ ಕಡೆ ಎರಡು ಆಳವಾದ ಜಾಡು, ನಡುವೆ ಹುಲ್ಲಿನ ದಿಬ್ಬ. ಹೊಳೆ ಹತ್ತಿರವಾದಂತೆ ಮರಳು ಬೆರೆಯುತ್ತದೆ. ಅಲ್ಲಿ ಹ್ಯಾಂಡಲ್ಲನ್ನು ಬಿಗಿ ಹಿಡಿದವನು ಬೀಳುತ್ತಾನೆ, ಸಡಿಲ ಬಿಟ್ಟವನು ಪಾರಾಗುತ್ತಾನೆ. ಎಲ್ಲಕ್ಕಿಂತ ಕಠಿನವಾದುದು ಎರೆಮಣ್ಣು. ಒಣಗಿದಾಗ ಅದರಲ್ಲಿ ಬಿರುಕು ಬಿಡುತ್ತದೆ. ನೆನೆದಾಗ ಬೆಣ್ಣೆಯಂತೆ ಜಾರಿ ಅಂಟಿನಂತೆ ಹಿಡಿಯುತ್ತದೆ. ಒಂದು ಕಡೆ ಉಪಕಾಲುವೆಯ ನೀರು ದಾರಿಯ ಮೇಲೆ ಸೋರಿ ಇನ್ನೂರು ಗಜದಷ್ಟು ಎರೆ ನೆನೆದಿತ್ತು. ಹತ್ತು ಸುತ್ತು ತಿರುಗುವುದರೊಳಗಾಗಿ ಮಣ್ಣು ಟೈರಿಗೂ ಮಡ್‌ಗಾರ್ಡಿಗೂ ನಡುವೆ ಮೆತ್ತಿ, ಗಾಲಿ ತಿರುಗುವುದೇ ನಿಂತುಹೋಯಿತು. ಗಾಡಿಗಳು ನಮ್ಮನ್ನು ಹೊರುವ ಬದಲು ನಾವು ಅವುಗಳನ್ನು ಹೊತ್ತೆವು. ಕಪ್ಪು ಬೈಸಿಕಲ್ಲನ್ನು ಹೊತ್ತವರ ಮುಖವನ್ನು ಆಗ ನೋಡಬೇಕಾಗಿತ್ತು! ಭಾರದ ಮಾತನ್ನು ನಾವು ಹಿಂದಕ್ಕೆ ತೆಗೆದುಕೊಳ್ಳುತ್ತೇವೆ. ಮಳೆಗಾಲದಲ್ಲಿ ಈ ಸೀಮೆಗೆ ಬೈಸಿಕಲ್ಲನ್ನು ತರಬೇಡಿರೆಂದು ಹೇಳುವುದಕ್ಕೆ ಈ ಇನ್ನೂರು ಗಜವೇ ಸಾಕು.

ಕೆಸರನ್ನು ಕಡ್ಡಿಯಿಂದ ಕೆರೆದು ತೆಗೆದು ಮೈಲಿ ನಡೆಯುವಷ್ಟರಲ್ಲಿ ಮುಳ್ಳಿನ ಸರದಿ ಬಂದಿತು. ದಂಡೆಯ ಜಾಲಿಯನ್ನು ಯಾರೋ ಕಡಿದು ಸೌದೆ ಒಯ್ದು, ರೆಂಬೆಯ ಚೂರುಗಳನ್ನು ದಾರಿಯಲ್ಲಿಯೇ ಬಿಟ್ಟಿದ್ದರು. ಒಂದೇ ನಿಮಿಷದಲ್ಲಿ ಎರಡು ಗಾಲಿ ಕುಳಿತವು. ನೆಗ್ಗಿಲ ಮುಳ್ಳು ಚುಚ್ಚಿದರೆ ತಲೆ ಹೊರಗೆ ಕಾಣುತ್ತದೆ, ಕಿತ್ತೆಸೆಯಬಹುದು. ಜಾಲಿಯ ಮುಳ್ಳು ಒಳಗೇ ಮುರಿದು, ಹೊಸ ಟ್ಯೂಬನ್ನು ಹಾಕಿದ ಮೇಲೆ ಮತ್ತೆ ತಲೆಯೆತ್ತುವ ಸ್ವಭಾವದ್ದು. ನಾವು ಟೈರನ್ನು ಬಿಚ್ಚಿ ಬೆರಳಾಡಿಸಿ ಮುಳ್ಳು ಹುಡುಕುತ್ತಿರುವಾಗ ಕಾಲುವೆ ಕಾಯುವ ಗ್ಯಾಂಗ್‌ಮನ್ ಒಬ್ಬರು ಸಲಿಕೆ ಹೊತ್ತು ಅತ್ತ ಬಂದರು. ಒಂದು ಗಳಿಗೆ ನಿಂತು ನೋಡಿದರು.

“ಡಾಂಬರು ರಸ್ತಾ ಬಿಟ್ಟು ಈ ಕೆನಾಲ್ ದಂಡಿ ಮ್ಯಾಲ ಯಾಕ ಬಂದೀರಿ, ಸಾಹೇಬ್ರ? ಹಾದಿ ತಪ್ಪೀರೇನು?”

“ತಪ್ಪಿಲ್ಲ, ಯಜಮಾನರೆ. ಈ ದಾರಿಯೇ ಬೇಕೆಂದು ಬಂದೆವು.”

“ಹಾದಿ ನೋಡಾಕ ಬಂದೀರಾ?” ಎಂದು ಅವರು ನಕ್ಕರು. “ಹಾದ್ಯಾಗ ಏನೈತ್ರಿ. ನೀರು ನೋಡ್ರಿ.”

ಆ ಮಾತು ಸರಿಯಾದುದೇ. ನಾವು ದಾರಿಯೆಂದು ನೋಡುತ್ತಿದ್ದುದು ಅವರ ಪಾಲಿಗೆ ಕಾವಲಿನ ಗಸ್ತು. ಕಾಲುವೆಯ ದಂಡೆಯ ಮೇಲೆ ಈ ಗರಸನ್ನು ಹಾಕಿರುವುದು ಏತಕ್ಕೆ? ಎಲ್ಲಿ ಹೆಗ್ಗಣ ಬಿಲ ತೋಡಿದೆ, ಎಲ್ಲಿ ನೀರು ಸೋರುತ್ತಿದೆ, ಯಾರು ರಾತ್ರಿ ತೂಬನ್ನು ಎತ್ತಿದ್ದಾರೆ ಎಂಬುದನ್ನು ನೋಡುವುದಕ್ಕೆ. ಈ ಕಾಲುವೆಯ ದೊಡ್ಡ ದುಃಖವೆಂದರೆ ಮೇಲ್ಭಾಗದವರಿಗೂ ಕೆಳಭಾಗದವರಿಗೂ ಇರುವ ಜಗಳ. ಮೇಲೆ ಇರುವವರು ಭತ್ತ ಬೆಳೆದು ನೀರನ್ನು ಹೆಚ್ಚು ಹಿಡಿದರೆ, ಮಾನವಿ ರಾಯಚೂರುಗಳ ಕಡೆಯ ಕೊನೆಯ ಹೊಲದವರಿಗೆ ನೀರು ತಲುಪುವುದಿಲ್ಲ. ವರ್ಷ ವರ್ಷವೂ ಅವರು ಬೀದಿಗಿಳಿಯುತ್ತಾರೆ. ನೀರು ಕಡಿಮೆಯಾದ ವರ್ಷಗಳಲ್ಲಿ ಕಾಲುವೆಯ ಉದ್ದಕ್ಕೂ ಪೊಲೀಸರನ್ನು ನಿಲ್ಲಿಸಿ, ಜನ ಗುಂಪುಗೂಡಬಾರದೆಂಬ ಆಜ್ಞೆಯನ್ನು ಹೊರಡಿಸಿದ್ದುಂಟು. ಅಣೆಕಟ್ಟು ಕಟ್ಟಿದಾಗ ಸುಮಾರು 133 ಟಿ.ಎಂ.ಸಿ. ನೀರು ಹಿಡಿಯುತ್ತಿದ್ದ ಜಲಾಶಯ, ಹೂಳು ತುಂಬಿ ಈಗ ಸುಮಾರು 105ಕ್ಕೆ ಇಳಿದಿದೆ. 2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟಿನ ಮೂವತ್ತಮೂರು ಗೇಟುಗಳಲ್ಲಿ ಹತ್ತೊಂಬತ್ತನೆಯದು, ಸರಪಳಿ ಕಡಿದು, ಕೊಚ್ಚಿಕೊಂಡು ಹೋಯಿತು. ತುಂಬಿದ ಜಲಾಶಯದ ನೀರು ಹೊಳೆಯ ಪಾಲಾಗುವುದನ್ನು ಈ ಕಾಲುವೆಯ ಕೆಳಗಿನ ರೈತರು ಕೈಕಟ್ಟಿ ನೋಡಬೇಕಾಯಿತು. ವಾರದೊಳಗೆ ತಾತ್ಕಾಲಿಕ ಹಲಗೆಗಳನ್ನಿಳಿಸಿ ಹರಿವನ್ನು ತಡೆದುದು ಇಂಜಿನಿಯರುಗಳ ಸಾಹಸ. ಆದರೂ ಒಂದು ಸರಪಳಿಯ ಮೇಲೆ ಎಷ್ಟು ಮನೆಗಳ ಅನ್ನ ತೂಗಿತ್ತೆಂಬುದು ಆ ವಾರ ಎಲ್ಲರಿಗೂ ಅರಿವಾಯಿತು. ನಮ್ಮ ಬೈಸಿಕಲ್ಲಿನ ಚೈನು ಕಡಿದರೆ ನಡೆದು ಹೋದರಾಯಿತು.

ಆದುದರಿಂದ ದಂಡೆಯ ಮೇಲೆ ಹೋಗುವವರು ಎರಡು ಮಾತುಗಳನ್ನು ನೆನಪಿಡಬೇಕು. ಈ ದಾರಿ ನೀರಾವರಿ ಇಲಾಖೆಯದು. ಅದರವರು ಹೋಗಬೇಡಿರೆಂದರೆ ವಾದಿಸದೆ ಇಳಿದುಬಿಡಬೇಕು. ರಾತ್ರಿಯಲ್ಲಂತೂ ಹೋಗಲೇಬಾರದು, ನೀರಿನ ಸಮಯದಲ್ಲಿ ಕತ್ತಲೆಯಲ್ಲಿ ದಂಡೆಯ ಮೇಲೆ ಕಂಡ ಅಪರಿಚಿತನನ್ನು ತೂಬು ಎತ್ತಲು ಬಂದವನೆಂದು ತಿಳಿದರೆ ತಪ್ಪು ಅವರದಲ್ಲ. ಹಾಗೆಯೇ ಬಿಸಿಲಿಗೆ ಬೆಂದು ಕಾಲುವೆಗೆ ಇಳಿಯುವ ಆಸೆಯನ್ನು ತಡೆದುಕೊಳ್ಳಬೇಕು. ಸಿಮೆಂಟು ಹೊದಿಸಿದ ಇಳಿಜಾರಿನಲ್ಲಿ ಪಾಚಿ ಕಟ್ಟಿರುತ್ತದೆ. ಇಳಿಯುವುದು ಸುಲಭ, ಹತ್ತುವುದಕ್ಕೆ ಹಿಡಿಯಲು ಒಂದು ಬೇರೂ ಇರುವುದಿಲ್ಲ.

ಗ್ಯಾಂಗ್‌ಮನ್ ಯಜಮಾನರೇ ನಮ್ಮನ್ನು ಹತ್ತಿರದ ಕ್ಯಾಂಪಿನ ಅಂಚಿನ ಒಂದು ಮನೆಗೆ ಕರೆದೊಯ್ದು ಬೋಗುಣಿಯಲ್ಲಿ ನೀರು ಕೊಡಿಸಿದರು. ಟ್ಯೂಬನ್ನು ಮುಳುಗಿಸಿ ಗುಳ್ಳೆ ಎಲ್ಲಿ ಏಳುತ್ತದೆಂದು ನೋಡುವುದಕ್ಕೆ. ಮನೆಯ ಹಿರಿಯ ಹೆಂಗಸು ಜಗುಲಿಯಲ್ಲಿ ಕುಳಿತು ಅಕ್ಕಿ ಆರಿಸುತ್ತಿದ್ದರು. ನಮ್ಮಲ್ಲೊಬ್ಬರು, ಪಟ್ಟಣದವರಿಗೆ ಸಹಜವಾದ ಉತ್ಸಾಹದಿಂದ, “ಎಂಥ ಒಳ್ಳೆಯ ದಾರಿ, ಅವ್ವಾ! ಒಂದು ಮೋಟಾರಿನ ಸದ್ದಿಲ್ಲ. ಇದಕ್ಕೆ ಡಾಂಬರು ಹಾಕದೆ ಹೀಗೆಯೇ ಬಿಟ್ಟರೆ ಚೆನ್ನು,” ಎಂದರು.

ಆಕೆ ಮೊರವನ್ನು ಕೆಳಗಿಟ್ಟರು. “ನಿಮಗ ಇದು ಮೋಜಿನ ಹಾದಿ, ಯಪ್ಪಾ. ನಮ್ಮ ಸೊಸಿಗೆ ಬ್ಯಾನಿ ಬಂದಾಗ ಇದ ಹಾದ್ಯಾಗ ಟ್ರ್ಯಾಕ್ಟರಿನ್ಯಾಗ ಹಾಕ್ಕೊಂಡು ದವಾಖಾನಿಗೆ ಹೊಂಟಿದ್ವಿ. ಮಳಿ ಹತ್ತಿತ್ತು. ಗಾಲಿ ಎರಿಯಾಗ ಕುಂತುಬಿಟ್ಟಿತು. ಹಾದಿ ಮುಗಿಯೋದ್ರಾಗ ಕೂಸು ಹುಟ್ಟಿತು.”

ನಾವು ಸುಮ್ಮನಿದ್ದೆವು. ಕೇಳಬೇಕಾದುದನ್ನು ಕೇಳಲು ಬಾಯಿ ಬರಲಿಲ್ಲ. ಆಕೆಯೇ ಹೇಳಿದರು. “ದೇವರು ದೊಡ್ಡಾಂವ. ತಾಯಿ ಕೂಸು ಇಬ್ಬರೂ ಉಳದ್ರು. ಆ ಕೂಸು ಈಗ ಹೈಸ್ಕೂಲಿಗೆ ಹೋಕ್ಕೈತಿ, ಇದ ಹಾದಿ ಮ್ಯಾಲ, ಸೈಕಲ್ ಮ್ಯಾಲ.”

ಈ ಪ್ರಸಂಗದ ಬಳಿಕ ಮುಂದಿನ ದಾರಿಯೆಲ್ಲ ನಮ್ಮೊಳಗೆ ಇದೇ ಚರ್ಚೆಯಾಯಿತು. ಡಾಂಬರಿಲ್ಲದ, ಸದ್ದಿಲ್ಲದ ದಾರಿ ಇರಬೇಕೆಂದು ಬಯಸುವುದು ಇನ್ನೊಬ್ಬರ ಕಷ್ಟವನ್ನು ನಮ್ಮ ವಿನೋದಕ್ಕಾಗಿ ಹಾಗೆಯೇ ಇಡಬೇಕೆಂದು ಬಯಸಿದಂತೆ ಅಲ್ಲವೆ? ಒಬ್ಬರು ಹೌದೆಂದರು; ಒಬ್ಬರು ಡಾಂಬರು ಬಂದರೆ ಟಿಪ್ಪರುಗಳೂ ಬರುತ್ತವೆ, ಆಗ ಆ ಹುಡುಗಿಯ ಬೈಸಿಕಲ್ಲಿಗೆ ಜಾಗವೆಲ್ಲಿ ಎಂದರು. ಎರಡೂ ನಿಜವೇ. 2006-07ರಲ್ಲಿ ನಮ್ಮ ಸರ್ಕಾರ ಎಂಟನೆಯ ತರಗತಿಯ ಮಕ್ಕಳಿಗೆ ಬೈಸಿಕಲ್ಲು ಕೊಡುವ ಏರ್ಪಾಡನ್ನು ಆರಂಭಿಸಿತು. ಆಗ ಹಳ್ಳಿಯ ಎಷ್ಟೋ ಹೆಣ್ಣುಮಕ್ಕಳು ಮೊತ್ತಮೊದಲಿಗೆ ತಮ್ಮದೆಂಬ ಒಂದು ಗಾಡಿಯನ್ನೇರಿದರು. ಅಂಥ ಮಕ್ಕಳನ್ನು ತಾಯಂದಿರು ಹೆದ್ದಾರಿಗೆ ಧೈರ್ಯದಿಂದ ಕಳುಹಿಸಲಾರರು. ಕಾಲುವೆಯ ದಂಡೆಗೆ ಕಳುಹಿಸುತ್ತಾರೆ. ಸದ್ದಿಲ್ಲದ ದಾರಿ ನಮಗೆ ವಿನೋದ. ಅವರಿಗೆ ಅದು ವಿದ್ಯೆಯ ದಾರಿ.

ಬಹಳ ಮಾತಾಡಿದ ಮೇಲೆ ನಮಗೆ ತೋರಿದ್ದು ಇದು. ದಂಡೆಯ ದಾರಿಯ ಮೇಲೆ ಗಾಡಿಗಳ ಹೊರೆ ಬೀಳುವುದು ಹಳ್ಳಿಗೆ ಬೇರೆ ದಾರಿ ಇಲ್ಲದಿದ್ದಾಗ. ಊರಿಗೂ ಹೆದ್ದಾರಿಗೂ ನಡುವೆ ಒಂದು ಗಟ್ಟಿಯಾದ ರಸ್ತೆಯಾದರೆ, ಬಸ್ಸೂ ಟ್ರ್ಯಾಕ್ಟರೂ ಹೆರಿಗೆಯ ಗಾಡಿಯೂ ಅಲ್ಲಿ ಹೋಗುತ್ತವೆ. ದಂಡೆ ತಾನಾಗಿಯೇ ಗ್ಯಾಂಗ್‌ಮನ್ನಿಗೂ ಕುರಿಗಾರನಿಗೂ ಶಾಲೆಯ ಮಕ್ಕಳಿಗೂ ಉಳಿಯುತ್ತದೆ. ಹಾಗಾದರೆ ಗರಸಿನ ದಾರಿಯ ನೆಮ್ಮದಿ ಬೇಕಾದವನು ಬರೆಯಬೇಕಾದ ಮೊದಲ ಅರ್ಜಿ ಡಾಂಬರು ಬೇಡವೆಂಬುದಲ್ಲ, ಆ ಊರಿನ ರಸ್ತೆಗೆ ಡಾಂಬರು ಬೇಕೆಂಬುದು. ವಿಚಿತ್ರವಾಗಿ ಕಂಡರೂ ನಮ್ಮ ಮೂವರ ಒಮ್ಮತ ಇದೇ.

ಹೊರದೇಶದ ಒಂದು ನಿದರ್ಶನ ಇಲ್ಲಿ ನೆನಪಿಗೆ ಬರುತ್ತದೆ. ಅಮೆರಿಕದ ವಾಷಿಂಗ್ಟನ್ ನಗರದಿಂದ ಪೊಟೊಮ್ಯಾಕ್ ಹೊಳೆಯ ಪಕ್ಕದಲ್ಲಿಯೇ ಕಂಬರ್ಲೆಂಡಿನವರೆಗೆ 184.5 ಮೈಲಿಯ ಒಂದು ಹಳೆಯ ಕಾಲುವೆ ಇದೆ. 1828ರಿಂದ 1850ರವರೆಗೆ ಅದನ್ನು ಕಟ್ಟಿದರು. ಹೊಲಗಳಿಗಾಗಿ ಅಲ್ಲ, ದೋಣಿಗಳಿಗಾಗಿ. ದಂಡೆಯ ಮೇಲೆ ನಡೆಯುವ ಹೇಸರಗತ್ತೆಗಳು ದೋಣಿಗಳನ್ನು ಹಗ್ಗದಿಂದ ಎಳೆಯುತ್ತಿದ್ದವು. ರೈಲು ಬಂದು ವ್ಯಾಪಾರವನ್ನು ಕಿತ್ತುಕೊಂಡಿತು. 1924ರ ಪ್ರವಾಹದ ತರುವಾಯ ದೋಣಿಗಳು ನಿಂತವು. ಮುಂದೆ ಅದರ ಮೇಲೆ ಮೋಟಾರು ರಸ್ತೆ ಮಾಡಬೇಕೆಂಬ ಸಲಹೆ ಬಂದು, ಒಂದು ಪತ್ರಿಕೆ ಅದನ್ನು ಬೆಂಬಲಿಸಿದಾಗ, ಆ ದೇಶದ ಪರಮೋಚ್ಚ ನ್ಯಾಯಾಲಯದ ನ್ಯಾಯಮೂರ್ತಿ ವಿಲಿಯಂ ಡಗ್ಲಸ್ಸರು ಸಂಪಾದಕರನ್ನು ತಮ್ಮ ಜೊತೆ ಆ ದಂಡೆಯಲ್ಲಿ ನಡೆಯಲು ಆಹ್ವಾನಿಸಿದರು. 1954ರ ಮಾರ್ಚಿಯಲ್ಲಿ ಆ ನಡಿಗೆ ನಡೆಯಿತು. ಪತ್ರಿಕೆ ತನ್ನ ಅಭಿಪ್ರಾಯವನ್ನು ಬದಲಿಸಿತು. 1971ರಲ್ಲಿ ಕಾಲುವೆ ರಾಷ್ಟ್ರೀಯ ಉದ್ಯಾನವಾಯಿತು, ಹೇಸರಗತ್ತೆಯ ದಾರಿಯಲ್ಲಿ ಇಂದು ಬೈಸಿಕಲ್ಲುಗಳು ಓಡುತ್ತವೆ. ಕೇಳಲು ಇಂಪಾದ ಕಥೆ. ಆದರೆ ಅದನ್ನು ಹಾಗೆಯೇ ತಂದು ಸಿಂಧನೂರಿನಲ್ಲಿ ನೆಡಲಾಗದು. ಅಲ್ಲಿ ಕಾಲುವೆಯ ಕಸಬು ಮುಗಿದಿತ್ತು. ನೆನಪನ್ನು ಕಾಪಾಡಿದರೆ ಸಾಕಾಗಿತ್ತು. ಇಲ್ಲಿಯ ಕಾಲುವೆ ದುಡಿಯುವ ಕಾಲುವೆ, ಅದರ ಪಕ್ಕದಲ್ಲಿ ಬದುಕುವವರಿಗೆ ಉದ್ಯಾನದ ಹಂಗಿಲ್ಲ.

ಉಪಕಾಲುವೆಯ ಜೊತೆಯಲ್ಲಿ ಇಳಿಯುತ್ತ ಇಳಿಯುತ್ತ, ನೀರು ಸಣ್ಣದಾಗಿ, ಕೊನೆಗೆ ಹೊಲಗಾಲುವೆಗಳಲ್ಲಿ ಹಂಚಿಹೋಗಿ, ಮುಕ್ಕುಂದದ ಕಡೆಯ ಬಂಡಿದಾರಿ ಸಿಕ್ಕಿತು. ಕೊಯ್ಲಾದ ಗದ್ದೆಗಳಲ್ಲಿ ಒಣಸೀಮೆಯಿಂದ ಬಂದ ಕುರಿಹಿಂಡುಗಳು ಮೇಯುತ್ತಿದ್ದವು. ರಾತ್ರಿ ಅವನ್ನು ಗದ್ದೆಯಲ್ಲಿಯೇ ತರುಬುತ್ತಾರೆ. ಗೊಬ್ಬರ ರೈತನಿಗೆ, ಮೇವು ಕುರಿಗಾರನಿಗೆ. ಕುರಿಗಳ ನಡುವೆ ಬೈಸಿಕಲ್ಲನ್ನು ನಡೆಸುವ ವಿದ್ಯೆ ನಮಗೆ ಬಾರದು. ಇಳಿದು ನಿಂತೆವು. ಅವು ನಮ್ಮನ್ನು ಬಂಡೆಗಳೆಂದು ತಿಳಿದು ಎರಡು ಪಾಲಾಗಿ ಸಾಗಿದವು.

ಹೊಳೆ ಕಾಣಿಸಿದಾಗ ಬಿಸಿಲು ಇಳಿದಿತ್ತು. ಚಳಿಗಾಲದ ತುಂಗಭದ್ರೆ ಮಳೆಗಾಲದ ತುಂಗಭದ್ರೆಯಲ್ಲ. ಅಗಲವಾದ ಪಾತ್ರದಲ್ಲಿ ಬಂಡೆಗಳ ನಡುವೆ ಹಲವು ಸೀಳಾಗಿ ಹರಿಯುತ್ತದೆ; ಮರಳಿನ ದಿಣ್ಣೆ, ಜೊಂಡು, ನಿಂತ ಮಡುಗಳು. ಅಣೆಕಟ್ಟಿನಲ್ಲಿ ನಿಂತ ನೀರು ನಾವು ಬಂದ ಕಾಲುವೆಯಲ್ಲಿ ಹೋಗಿಬಿಟ್ಟಿದೆಯಾದ್ದರಿಂದ ಹೊಳೆಗೆ ಉಳಿದದ್ದು ಇಷ್ಟು. ಬೆಳಗಿನಿಂದ ನಾವು ಹೊಗಳಿಕೊಂಡು ಬಂದ ಹಸಿರಿನ ಬೆಲೆಯನ್ನು ಈ ಪಾತ್ರ ತೆತ್ತಿದೆ. ಆದರೂ ಜೀವ ಹೋಗಿಲ್ಲ. ಮೇಲ್ಗಡೆಯಲ್ಲಿ, ಮುದ್ಲಾಪುರದಿಂದ ಕಂಪ್ಲಿಯವರೆಗಿನ 34 ಕಿಲೋಮೀಟರು ಹೊಳೆಯನ್ನು ನೀರುನಾಯಿಗಳ ಸಲುವಾಗಿ 2015ರಲ್ಲಿ ಸಂರಕ್ಷಿತ ಪ್ರದೇಶವೆಂದು ಸಾರಿದ್ದಾರೆ. ನಮಗೆ ನೀರುನಾಯಿ ಕಾಣಲಿಲ್ಲ. ಮಿಂಚುಳ್ಳಿ ಕಂಡಿತು, ಕೊಕ್ಕರೆ ಕಂಡಿತು, ಒಂದು ಹರಿಗೋಲು ದಡದಲ್ಲಿ ಬೋರಲಾಗಿ ಒಣಗುತ್ತಿತ್ತು.

ಬಂಡೆಯ ಮೇಲೆ ಕುಳಿತು ಬುತ್ತಿ ಬಿಚ್ಚಿದೆವು. ಸಿಂಧನೂರಿನಿಂದ ತಂದ ಜೋಳದ ರೊಟ್ಟಿ, ಶೇಂಗಾ ಚಟ್ನಿ. ಮರದ ನೆರಳು ಹುಡುಕಿದರೆ ಜಾಲಿಯದಲ್ಲದೆ ಬೇರೆ ಇರಲಿಲ್ಲ. ಮುಳ್ಳಿನ ನೆನಪಿನಿಂದ ಅದರ ಕೆಳಗೆ ಕೂರಲು ಧೈರ್ಯವಾಗಲಿಲ್ಲ. ಆಗ ಮಸ್ಕಿಯ ನೆನಪು ಬಂದಿತು. 1915ರಲ್ಲಿ ಚಿನ್ನವನ್ನು ಹುಡುಕುತ್ತಿದ್ದ ಬೀಡನ್ ಎಂಬ ಗಣಿ ಇಂಜಿನಿಯರನಿಗೆ ಮಸ್ಕಿಯ ಗುಡ್ಡದಲ್ಲಿ ಒಂದು ಶಾಸನ ದೊರೆಯಿತು. ದೇವಾನಾಂಪ್ರಿಯನೆಂದು ಹೇಳಿಕೊಂಡ ಅರಸು ಅಶೋಕನೇ ಎಂಬುದು ಅದರಲ್ಲಿದ್ದ ಹೆಸರಿನಿಂದ ನಿಶ್ಚಯವಾಯಿತು. ಅದೇ ಅಶೋಕನು ಬೇರೆ ಶಾಸನಗಳಲ್ಲಿ ದಾರಿಗಳ ವಿಷಯವನ್ನೂ ಹೇಳಿದ್ದಾನೆ. ಮನುಷ್ಯರಿಗೂ ಪಶುಗಳಿಗೂ ಉಪಯೋಗವಾಗಲೆಂದು ದಾರಿಯಲ್ಲಿ ಮರ ನೆಡಿಸಿದುದನ್ನೂ ಬಾವಿ ತೋಡಿಸಿದುದನ್ನೂ ಬರೆಯಿಸಿದ್ದಾನೆ. ದಾರಿಯನ್ನು ಹೇಗೆ ಹಾಸಿದನೆಂಬ ಮಾತು ಅಲ್ಲಿಲ್ಲ. ನೆರಳು ಮತ್ತು ನೀರು ಅಷ್ಟೇ. ಆ ದಿನ ನಮಗೆ ಬೇಕಾಗಿದ್ದುದೂ ಅಷ್ಟೇ ಆಗಿತ್ತು. ಕಾಲುವೆಯ ದಂಡೆಯಲ್ಲಿ ನೀರಿಗೆ ಕೊರತೆಯಿಲ್ಲವಾದರೂ ಅದು ಕುಡಿಯುವ ನೀರಲ್ಲ. ಮರ ನೆಡಿರೆಂದು ಹೇಳಹೋದರೆ ಇಂಜಿನಿಯರರು ಒಪ್ಪಲಾರರು; ಬೇರು ಹೊಕ್ಕರೆ ದಂಡೆ ಸೀಳುತ್ತದೆ. ದಂಡೆಯ ಹೊರಬದಿಯ ಬುಡದಲ್ಲಿ, ಹೊಲದಂಚಿಗೆ, ಬೇವು ಹೊಂಗೆಗಳನ್ನು ಹಾಕಬಹುದೆಂದು ನಮ್ಮ ಎಣಿಕೆ. ಜಾಲಿಯನ್ನು ಕಡಿಯುವ ಕೂಲಿಯೂ ಅದರಿಂದ ಉಳಿದೀತು.

ಹಿಂದಿರುಗುವಾಗ ಶಾಲೆ ಬಿಟ್ಟ ಹೊತ್ತು. ಬಂಡಿದಾರಿ ದಂಡೆಯನ್ನು ಸೇರುವ ಎಡೆಯಲ್ಲಿ ಐದಾರು ಹುಡುಗಿಯರು ಬೈಸಿಕಲ್ಲುಗಳ ಮೇಲೆ ಎದುರಾದರು. ಇಬ್ಬರು ಹಿಂದಿನ ಕ್ಯಾರಿಯರಿನ ಮೇಲೆ ಕುಳಿತವರು. ಅವರಲ್ಲಿ ಆ ಅವ್ವನ ಮೊಮ್ಮಗಳು ಇದ್ದಳೋ ಇಲ್ಲವೋ, ನಾವು ಕೇಳಲಿಲ್ಲ. ಮರಳು ಬೆರೆತ ತಿರುವಿನಲ್ಲಿ ನಾವು ಇಳಿದು ತಳ್ಳುತ್ತಿದ್ದಾಗ ಅವರು ಹ್ಯಾಂಡಲ್ಲನ್ನು ಸಡಿಲ ಬಿಟ್ಟು, ಮಾತನ್ನು ನಿಲ್ಲಿಸದೆ, ಹಾಗೆಯೇ ದಾಟಿಹೋದರು.

ಕತ್ತಲಾಗುವ ಮುಂಚೆ ದಂಡೆಯನ್ನು ಬಿಟ್ಟು ಡಾಂಬರು ಸೇರಿದೆವು. ಕಪ್ಪು ಬೈಸಿಕಲ್ಲನ್ನು ಅದರ ಒಡೆಯರಿಗೆ ತೊಳೆದು ಒಪ್ಪಿಸಿದೆವು. ಆ ದಿನ ಅದಕ್ಕೆ ಒಂದು ಮುಳ್ಳೂ ಹತ್ತಿರಲಿಲ್ಲ. ನಮ್ಮ ಹೊಸ ಗಾಡಿಯ ಟೈರಿನೊಳಗೆ ಇನ್ನೂ ಒಂದು ಚೂರು ಉಳಿದಿದ್ದುದು ಮರುದಿನ ಬೆಳಿಗ್ಗೆ, ಗಾಲಿ ನೆಲಕ್ಕೆ ಕುಳಿತುದನ್ನು ಕಂಡ ಮೇಲೆ ತಿಳಿಯಿತು.